ಅಮ್ಮ ಟಾಂಕಿಗೆ ಬಿಟ್ಟ ಮೀನು

ನಮ್ಮ ಬಿಲ್ಡಿಂಗಿನಲ್ಲಿ ದೇವರಿಗಿಂತ ನೀರಿನ ವಿಷಯದಲ್ಲೇ ಮತಗಳು ಜಾಸ್ತಿ. ಗೋರೆಗಾಂವ್ ಪೂರ್ವದಲ್ಲಿ, ಸ್ಟೇಷನ್ನಿನಿಂದ ಯಾವ ರಿಕ್ಷಾದವನೂ ಬರಲು ಒಪ್ಪದಷ್ಟು ಹತ್ತಿರದಲ್ಲಿ, ನಾಲ್ಕು ಮಹಡಿಯ ಹಳೆಯ ಸೊಸೈಟಿ ನಮ್ಮದು. ನೆಲಮಹಡಿಯ ಗೋವಾದವರು ಕ್ಯಾನಿನ ನೀರು ತರಿಸುತ್ತಾರೆ. ಮೊದಲ ಮಹಡಿಯ ಸೆಕ್ರೆಟರಿಯವರ ಮನೆಯಲ್ಲಿ ನೀಲಿ ದೀಪ ಉರಿಯುವ ದೊಡ್ಡ ಮಷೀನಿದೆ, ಬಂದವರಿಗೆಲ್ಲ ಅದನ್ನು ತೋರಿಸುತ್ತಾರೆ. ಮೂರನೇ ಮಹಡಿಯ ಜೈನರ ಮನೆಯಾಕೆ ನಲ್ಲಿಯ ಬಾಯಿಗೆ ಬಿಳಿ ಬಟ್ಟೆ ಕಟ್ಟಿ, ನೀರಿನಲ್ಲಿರುವ ಜೀವಗಳು ಹೊಟ್ಟೆಗೆ ಹೋಗದಂತೆ ಸೋಸಿ, ಕುದಿಸಿ, ಸೂರ್ಯ ಮುಳುಗುವ ಮುಂಚೆಯೇ ಕುಡಿದು ಮುಗಿಸುತ್ತಾರೆ. ನಾಲ್ಕನೇ ಮಹಡಿಯ ನಮ್ಮ ಮನೆಯೊಂದರಲ್ಲೇ ಎರಡು ಪಂಗಡ. ನಾನು ಗೋಡೆಗೆ ಮೊಳೆ ಹೊಡೆದು ತೂಗುಹಾಕಿದ ಫಿಲ್ಟರಿನ ಕಡೆ. ನನ್ನ ಅಮ್ಮ ತಾಮ್ರದ ಬಿಂದಿಗೆಯ ಕಡೆ. ನನ್ನ ಗಂಡ ಜೋಗೇಶ್ವರಿಯಲ್ಲಿ ಹೋಟೆಲು ನಡೆಸುವವರು. ಕೂತ ಗಿರಾಕಿಯ ಮುಂದೆ ಮೊದಲು ನೀರಿನ ಗ್ಲಾಸು ಇಡಿಸುವುದೇ ಅವರ ಜೀವಮಾನದ ಕೆಲಸವಾದ್ದರಿಂದ, ಮನೆಗೆ ಬಂದ ಮೇಲೆ ನೀರಿನ ಬಗ್ಗೆ ಒಂದು ಮಾತೂ ಆಡುವುದಿಲ್ಲ. ಅವರು ಚಹಾ ಕುಡಿಯುತ್ತಾರೆ.

ಪಾಲಿಕೆಯ ನೀರು ಎಲ್ಲಿಯೋ ದೂರದ ಕೆರೆಗಳಿಂದ ಹೊರಟು ಬೆಳಗಿನ ಹೊತ್ತು ನಮ್ಮ ಪಾರ್ಕಿಂಗಿನ ಕೆಳಗಿರುವ ನೆಲದ ಟಾಂಕಿಗೆ ಬಂದು ಬೀಳುತ್ತದೆ. ಅಲ್ಲಿಂದ ಪಂಪು ಅದನ್ನು ಟೆರೇಸಿನ ಟಾಂಕಿಗೆ ಏರಿಸುತ್ತದೆ. ಟೆರೇಸಿನಿಂದ ಅದು ನಮ್ಮ ನಮ್ಮ ಅಡುಗೆಮನೆಗೆ ಇಳಿಯುತ್ತದೆ. ಈ ಹತ್ತುವ ಇಳಿಯುವ ನಡುವೆ ಎಲ್ಲೋ ಅದಕ್ಕೊಂದು ವಾಸನೆ ಸೇರತೊಡಗಿ ವರ್ಷವಾಗಿತ್ತು. ಮಳೆಗಾಲದಲ್ಲಂತೂ ಬಾಯಿಗಿಡಲು ಆಗುತ್ತಿರಲಿಲ್ಲ. ನಾನು ಹೋಗಿ ದೂರಿದಾಗಲೆಲ್ಲ ಸೆಕ್ರೆಟರಿಯವರು ಒಂದು ಗ್ಲಾಸು ನೀರನ್ನು ಕಿಟಕಿಯ ಬೆಳಕಿಗೆ ಹಿಡಿದು, "ಏಕ್‌ದಮ್ ಕ್ಲಿಯರ್ ಹೈ, ಮ್ಯಾಡಮ್" ಎನ್ನುತ್ತಿದ್ದರು. ವಾಸನೆಯನ್ನು ಕಣ್ಣಿನಿಂದ ನೋಡುವ ವಿದ್ಯೆ ಅವರೊಬ್ಬರಿಗೇ ಗೊತ್ತಿತ್ತು. ಮೂಗಿನಿಂದ ನೋಡಿ ಎನ್ನುವಂತೆಯೂ ಇರಲಿಲ್ಲ, ಯಾಕೆಂದರೆ ಆ ಮೂಗಿಗೆ ನಶ್ಯದ ಅಭ್ಯಾಸ. ಟಾಂಕಿ ತೊಳೆಸಿ ಎಂದರೆ ಮುಂದಿನ ಮೀಟಿಂಗಿನಲ್ಲಿ ಇಡೋಣ ಎನ್ನುತ್ತಿದ್ದರು. ಮೀಟಿಂಗಿನಲ್ಲಿ ಪಾರ್ಕಿಂಗಿನ ಜಗಳವೇ ಮುಗಿಯುತ್ತಿರಲಿಲ್ಲ.

ಹೀಗೆ ಮೂಗು ಮುಚ್ಚಿಕೊಂಡು ಬದುಕುತ್ತಿದ್ದಾಗ ನನ್ನ ಮಗಳು ಚೊಚ್ಚಲ ಹೆರಿಗೆಗೆ ಬರುವ ದಿನ ಹತ್ತಿರವಾಯಿತು. ಅವಳು ಪುಣೆಯಲ್ಲಿ ಗಂಡನ ಜೊತೆ ಇರುವವಳು, ಅಲ್ಲೇ ಶಾಲೆಯೊಂದರಲ್ಲಿ ಕಲಿಸುತ್ತಾಳೆ. ಅವಳ ಗಂಡ ಅಲ್ಲಿಯೇ ಒಳ್ಳೆಯ ಆಸ್ಪತ್ರೆ ಇದೆ ಎಂದು ಮೆಲ್ಲಗೆ ಹೇಳಿ ನೋಡಿದ. ಮೊದಲ ಹೆರಿಗೆ ತವರಿನಲ್ಲೇ ಎಂದು ಅಮ್ಮ ಫೋನಿನಲ್ಲಿ ಅವನಿಗೆ ಕುಂದಾಪುರದ ಕನ್ನಡದಲ್ಲಿ ತಿಳಿಸಿದಳು. ಅವನು ಮರಾಠಿಯವನು, ಒಂದಕ್ಷರ ಅರ್ಥವಾಗದಿದ್ದರೂ ಒಪ್ಪಿಕೊಂಡ. ಅಮ್ಮನ ಎದುರು ಅರ್ಥವಾದವರೂ ಹಾಗೆಯೇ ಮಾಡುತ್ತಾರೆ.

ಅದೇ ವಾರ ಎರಡನೇ ಮಹಡಿಯ ಸೊಸೆಗೆ ಕಾಮಾಲೆ ಎಂದು ಗೊತ್ತಾಯಿತು. ಲಿಫ್ಟಿನಲ್ಲಿ ಸಿಕ್ಕಾಗ ಅವಳ ಕಣ್ಣು ಅರಿಸಿನದ ನೀರಿನಲ್ಲಿ ಅದ್ದಿ ತೆಗೆದಂತಿತ್ತು. ಮಗಳ ಹೆಸರು ಬರೆಸಲು ನಾನು ಆಸ್ಪತ್ರೆಗೆ ಹೋದವಳು ಡಾಕ್ಟರಮ್ಮನಿಗೆ ಇದನ್ನು ಸುಮ್ಮನೆ ಮಾತಿಗೆ ಹೇಳಿದೆ. ಆಕೆ ಪೆನ್ನು ಕೆಳಗಿಟ್ಟರು. ನೀರಿನಿಂದ ಬರುವ ಕಾಮಾಲೆ ಬೇರೆಯವರಿಗೆ ಬಂದರೆ ಮಲಗಿ ಎದ್ದು ಹೋಗುತ್ತದೆ, ತುಂಬಿದ ಬಸುರಿಗೆ ಬಂದರೆ ಎಷ್ಟೋ ಸಲ ತಾಯಿಯೂ ಉಳಿಯುವುದಿಲ್ಲ ಮಗುವೂ ಉಳಿಯುವುದಿಲ್ಲ, ಹುಷಾರು ಎಂದರು. ನಾನು ಬಾಂದ್ರಾದ ಆಫೀಸಿಗೆ ಹೋಗಬೇಕಾದವಳು ಅಲ್ಲಿಂದ ಸೀದಾ ಮನೆಗೆ ಬಂದೆ. ನನಗಿರುವುದು ಒಬ್ಬಳೇ ಮಗಳು.

ನಾನು ಇದನ್ನೆಲ್ಲ ಹೇಳಿದಾಗ ಅಮ್ಮ ತೊಂಡೆಕಾಯಿ ಹೆಚ್ಚುತ್ತಿದ್ದಳು. ಅಮ್ಮನಿಗೆ ಎಂಬತ್ತು ದಾಟಿದೆ. ಮದುವೆಯಾಗಿ ಮುಂಬಯಿಗೆ ಬಂದಾಗಿನಿಂದ ಚಾಳಿನಲ್ಲಿ, ಹೋಟೆಲಿನ ಮೇಲಿನ ಮಾಳಿಗೆಯಲ್ಲಿ, ಈಗ ನನ್ನ ಫ್ಲ್ಯಾಟಿನಲ್ಲಿ ಇದ್ದರೂ ಈ ಊರಿನ ನೀರನ್ನು ಅವಳು ಇನ್ನೂ ಬಾವಿಯ ನೀರೆಂದೇ ತಿಳಿದಿದ್ದಾಳೆ. ಮಧ್ಯೆ ಸ್ವಲ್ಪ ಪೈಪು ಬರುತ್ತದೆ, ಅಷ್ಟೇ.

"ಸರಿ, ಹಂಗಾರೆ ಮೀನ್ ಬಿಡುವ" ಎಂದಳು.

ಅವಳ ತವರಿನ ಕಡೆ ಅದೊಂದು ಪದ್ಧತಿ. ಬಸುರಿ ಮಗಳು ಮನೆಗೆ ಬರುವ ಮುಂಚೆ ಬಾವಿಯ ನೀರನ್ನೆಲ್ಲ ಎತ್ತಿ ಹಾಕಿ, ಕೆಸರು ತೆಗೆದು, ಹೊಸ ನೀರು ಬಂದ ಮೇಲೆ ಅದಕ್ಕೆ ಸಣ್ಣ ಮೀನು ಬಿಡುತ್ತಿದ್ದರಂತೆ. ಮೀನು ಚುರುಕಾಗಿ ಓಡಾಡಿಕೊಂಡಿದ್ದರೆ ಮಾತ್ರ ಆ ನೀರು ಮಗಳಿಗೆ. ಸತ್ತು ತೇಲಿದರೆ ಪಕ್ಕದ ಮನೆಯ ಬಾವಿಯಿಂದ ತರುವುದು. ಅಮ್ಮನ ಹೆರಿಗೆಗಳೆಲ್ಲ ಹೀಗೆ ಮೀನಿನ ಒಪ್ಪಿಗೆ ಪಡೆದೇ ಆದವು.

"ಅದು ಬಾವಿ ಅಮ್ಮ, ಇದು ಟಾಂಕಿ" ಎಂದೆ.

"ಬಾವಿ ಅಂದ್ರೆ ಎಂತ? ಗುಂಡಿ, ಅದ್ರಲ್ ನೀರ್. ಟಾಂಕಿ ಅಂದ್ರೆ ಎಂತ? ಡಬ್ಬಿ, ಅದ್ರಲ್ ನೀರ್. ಮೀನ್ ಬದ್ಕಿದ್ರೆ ನೀರ್ ಒಳ್ಳೇದ್, ಸತ್ರೆ ಹಾಳ್. ಇದ್ಕೆಲ್ಲ ಡಿಗ್ರಿ ಬೇಕಾ ಹೆಣೆ?"

ನನಗೆ ಎರಡು ಡಿಗ್ರಿಗಳಿವೆ. ಎರಡರಲ್ಲೂ ಇದಕ್ಕೆ ಉತ್ತರವಿರಲಿಲ್ಲ. ಬೇಡ ಎಂದರೆ ಅವಳೊಬ್ಬಳೇ ಹೋಗುತ್ತಾಳೆ ಎಂದು ಗೊತ್ತಿದ್ದುದರಿಂದ ಶನಿವಾರ ನಾನೇ ಅವಳನ್ನು ಸ್ಟೇಷನ್ನಿನ ಹತ್ತಿರ, ಗಾಜಿನ ಪೆಟ್ಟಿಗೆಯಲ್ಲಿ ಬಣ್ಣಬಣ್ಣದ ಮೀನು ಮಾರುವ ಅಂಗಡಿಗೆ ಕರೆದುಕೊಂಡು ಹೋದೆ. ಜನ್ಮದಲ್ಲಿ ಮೀನನ್ನು ಸಾರಿಗಲ್ಲದೆ ಬೇರೆ ಕಾರಣಕ್ಕೆ ಕೊಳ್ಳದ ಅಮ್ಮ, ಅಭ್ಯಾಸಬಲದಿಂದ ಮೊದಲು ಒಂದರ ಕಿವಿರು ನೋಡಲು ಹೋದಳು. ಆಮೇಲೆ ತನ್ನ ಹಿಂದಿಯಲ್ಲಿ, "ಮಚ್ಛರ್ ಕಾ ಮೊಟ್ಟೆ ತಿನ್ನೇವಾಲಾ ಮಚ್ಛಿ ದೇವ್" ಎಂದಳು. ಅಂಗಡಿಯವನು ಗಪ್ಪಿ ಎನ್ನುವ ಬೆರಳುಗುರಿನಷ್ಟು ಮೀನುಗಳನ್ನು ಪ್ಲಾಸ್ಟಿಕ್ ಚೀಲದಲ್ಲಿ ಹಾಕಿ ಕೊಟ್ಟ. ಜೊತೆಗೆ ಒಂದು ಸಣ್ಣ ನೀಲಿ ಬಾಟಲಿಯನ್ನು ಮುಂದಿಟ್ಟು, "ಆಂಟಿ, ಯೇ ದವಾ ಪಾನೀ ಮೇ ಡಾಲ್‌ನಾ, ನಹೀಂ ತೋ ಮರ್ ಜಾಯೇಗಾ" ಎಂದ. ಈ ಮದ್ದು ನೀರಿಗೆ ಹಾಕದಿದ್ದರೆ ಮೀನು ಸಾಯುತ್ತವಂತೆ.

"ಕಂಡ್ಯಾ?" ಅಮ್ಮ ನನ್ನ ಕಡೆ ತಿರುಗಿದಳು. "ಮೀನೂ ಮಾರ್ತ, ಮೀನಿಗ್ ಮದ್ದೂ ಮಾರ್ತ. ನಾಳೆ ಮೀನಿಗ್ ಒಂದ್ ಡಾಕ್ಟ್ರನ್ನೂ ಮಾರ್ತ."

ಮದ್ದು ಹಾಕಿದರೆ ಪರೀಕ್ಷೆ ಹೇಗಾಗುತ್ತದೆ, ನೀರಿನ ಗುಣ ತಿಳಿಯುವುದಾದರೂ ಹೇಗೆ ಎಂದು ಅಲ್ಲಿಯೇ ನಿಂತು ಅವನಿಗೆ ಪಾಠ ಮಾಡಿದಳು. ಹಿಂದೆ ಗಿರಾಕಿಗಳು ನಿಂತಿದ್ದರು. ಅವನು ಅವಳ ಬಾಯಿಗೆ ಹೆದರಿ ಬಾಟಲಿಯನ್ನು ಪುಕ್ಕಟೆಯಾಗಿ ಚೀಲಕ್ಕೆ ತುರುಕಿ ನಮ್ಮನ್ನು ಸಾಗಹಾಕಿದ. ಮನೆಗೆ ಬಂದು ನಾನು ಅದನ್ನು ಫ್ರಿಜ್ಜಿನ ಮೇಲೆ ಇಟ್ಟು ಮರೆತೆ.

ಟೆರೇಸಿನ ಬೀಗದಕೈ ಅಮ್ಮನ ಸೊಂಟದಲ್ಲೇ ಇರುತ್ತದೆ, ಯಾಕೆಂದರೆ ಇಡೀ ಬಿಲ್ಡಿಂಗಿನಲ್ಲಿ ಹಪ್ಪಳ ಒಣಗಿಸುವವಳು ಅವಳೊಬ್ಬಳೇ. ಟಾಂಕಿಯ ಕಬ್ಬಿಣದ ಮುಚ್ಚಳ ಎತ್ತಲು ನಾನು ಕೈಕೊಡಬೇಕಾಯಿತು. ಅಮ್ಮ ಚೀಲ ಬಿಚ್ಚಿ, ಮೀನುಗಳನ್ನು ಒಳಗೆ ಸುರಿದು, ಕೈ ಮುಗಿದಳು. ಯಾವ ದೇವರಿಗೆ ಎಂದು ನಾನು ಕೇಳಲಿಲ್ಲ.

ಮೀನುಗಳು ಬದುಕಿದವು. ಬರೀ ಬದುಕಿದ್ದಲ್ಲ, ಭರ್ಜರಿಯಾಗಿ ಬದುಕಿದವು. ಅಮ್ಮ ದಿನವೂ ಬೆಳಿಗ್ಗೆ ಹಪ್ಪಳದ ನೆವದಲ್ಲಿ ಮೇಲೆ ಹೋಗಿ, ಮುಚ್ಚಳದ ಸಂದಿಯಲ್ಲಿ ಟಾರ್ಚು ಬಿಟ್ಟು ನೋಡಿ ಬಂದು, ಸುದ್ದಿ ಓದುವವರ ಗತ್ತಿನಲ್ಲಿ ವರದಿ ಒಪ್ಪಿಸುತ್ತಿದ್ದಳು. ಅಷ್ಟರಲ್ಲಿ ಮಗಳು ದೊಡ್ಡ ಹೊಟ್ಟೆ ಹೊತ್ತುಕೊಂಡು ಬಂದಿಳಿದಳು. ಅಮ್ಮ ಅವಳಿಗೆ ಆರತಿ ಎತ್ತಿ, ಒಂದು ಗ್ಲಾಸು ನೀರು ಒಂದು ಚೂರು ಬೆಲ್ಲ ಕೈಯಲ್ಲಿಟ್ಟಳು. ತಾಮ್ರದ ಬಿಂದಿಗೆಯ ನೀರು.

ನಾನು ಜಗಳವಾಡಿದೆ. ಫಿಲ್ಟರಿನ ನೀರೇ ಕೊಡು ಎಂದೆ, ಕುದಿಸಿಯಾದರೂ ಕೊಡು ಎಂದೆ, ಡಾಕ್ಟರಮ್ಮ ಹೇಳಿದ್ದನ್ನು ಮತ್ತೆ ಮತ್ತೆ ಹೇಳಿದೆ. ಅಮ್ಮ ಕಿವಿಗೆ ಹಾಕಿಕೊಳ್ಳಲಿಲ್ಲ.

"ಆ ಮಷಿನ್ನಿಂದ್ ಸತ್ತ್ ನೀರ್. ಬಸ್ರಿಗೆ ಸತ್ತ್ ನೀರ್ ಕೊಡುದಾ? ಮೀನ್ ಕುಡುದಿಲ್ಯಾ ಇದೇ ನೀರ್?"

ಮಗಳಿಗೆ ಅಜ್ಜಿಯೆಂದರೆ ಪ್ರಾಣ. "ಅರೇ ಮಮ್ಮಾ, ಚಿಲ್. ಅಜ್ಜಿ ಟೆಸ್ಟ್ ಮಾಡಿ... ಮಾಡಿದ್ದಾಳೆ ನಾ?" ಎಂದು ತನ್ನ ತಡವರಿಸುವ ಕನ್ನಡದಲ್ಲಿ ಹೇಳಿ ಗ್ಲಾಸು ಎತ್ತಿ ಗಟಗಟ ಕುಡಿದಳು. ನಾನು ಆಫೀಸಿಗೆ ಹೋದ ಮೇಲೆ ಮನೆಯಲ್ಲಿ ಅಮ್ಮನದೇ ರಾಜ್ಯ. ಹೊತ್ತುಹೊತ್ತಿಗೆ ಎದುರು ನಿಂತು, ಗ್ಲಾಸು ಖಾಲಿಯಾಗುವವರೆಗೆ ಕದಲದೆ, ಮೊಮ್ಮಗಳಿಗೆ ಆ ನೀರು ಕುಡಿಸಿದಳು.

ಹೀಗೆ ಕೆಲವು ವಾರ ಕಳೆದ ಮೇಲೆ ಒಂದು ಬೆಳಿಗ್ಗೆ ಬಾಗಿಲು ಬಡಿದ ಸದ್ದು. ಮೂರನೇ ಮಹಡಿಯ ಜೈನರ ಮನೆಯಾಕೆ, ನಾವೆಲ್ಲ ಜೈನ ಬಾಯಿ ಎಂದು ಕರೆಯುವವರು, ನಿಂತಿದ್ದರು. ಕೈಯಲ್ಲಿ ಸ್ಟೀಲಿನ ಬಟ್ಟಲು, ಬಟ್ಟಲಲ್ಲಿ ಸ್ವಲ್ಪ ನೀರು, ನೀರಿನಲ್ಲಿ ಜೀರಿಗೆಯಷ್ಟು ದಪ್ಪದ ಎರಡು ಮರಿಮೀನು. ಅವರ ನಲ್ಲಿಗೆ ಕಟ್ಟಿದ ಬಟ್ಟೆಯಲ್ಲಿ ಸಿಕ್ಕಿದ್ದವು. ಜೀವ ಸೋಸಲೆಂದು ಇಷ್ಟು ವರ್ಷ ಕಟ್ಟಿದ ಬಟ್ಟೆಯಲ್ಲಿ ಕಣ್ಣು, ಬಾಲ, ರೆಕ್ಕೆ ಎಲ್ಲ ಇರುವ ಜೀವ ಸಿಕ್ಕಿದ್ದು ಇದೇ ಮೊದಲು. ಬಿಲ್ಡಿಂಗಿನಲ್ಲಿ ಮೀನಿನ ವಿಷಯ ಬಂದರೆ ನೇರ ನಮ್ಮ ಮನೆಗೇ ಬರುವುದು ವಾಡಿಕೆ.

ಅಮ್ಮ ಒಳಗಿನಿಂದ ಬಂದು ಬಟ್ಟಲಿಗೆ ಇಣುಕಿದಳು. ಮುಖ ಅರಳಿತು.

"ಅಯ್ಯೋ, ಹೆತ್ತಿತೇ!" ಎಂದಳು. "ನಮ್ ಹೆಣ್ಣಿಗಿಂತ ಮುಂಚೆ ಮೀನೇ ಹೆತ್ತಿತ್. ಎಂಥಾ ಒಳ್ಳೆ ನೀರ್ ಆಯ್ಕಂಬುದ್!"

ಕನ್ನಡ ಬಾರದ ಆಕೆಗೂ ಅಮ್ಮನ ಮುಖ ನೋಡಿ ಎಲ್ಲ ಅರ್ಥವಾಯಿತು. ಬಟ್ಟಲನ್ನು ನನ್ನ ಕೈಗೆ ಕೊಟ್ಟು, ಒಂದೊಂದೇ ಮೆಟ್ಟಿಲಿಗೆ ಒಂದೊಂದು ಮನೆಯವರನ್ನು ಕೂಗುತ್ತ ಕೆಳಗಿಳಿದರು. ಇತ್ತ ನನ್ನ ಮಗಳಿಗೆ ಮರಿಗಳ ಮೇಲೆ ಮರುಕ. ಗಾಜಿನ ಲೋಟದಲ್ಲಿ ಇಟ್ಟುಕೊಳ್ಳುತ್ತೇನೆ ಎಂದು ಫ್ರಿಜ್ಜಿನ ಮೇಲಿದ್ದ ಆ ನೀಲಿ ಬಾಟಲಿಯನ್ನು ತೆಗೆದುಕೊಂಡು, ಎಷ್ಟು ಹನಿ ಹಾಕಬೇಕೆಂದು ಅದರ ಮೇಲಿನ ಸಣ್ಣ ಅಕ್ಷರ ಓದತೊಡಗಿದಳು. ಓದುತ್ತ ನಗುತ್ತಿದ್ದವಳು ನಿಲ್ಲಿಸಿದಳು. ಮತ್ತೊಮ್ಮೆ ಓದಿದಳು.

"ಅಜ್ಜಿ, ಇದರಲ್ಲಿ ಬರೆದಿದೆ... ನಲ್ಲಿ ನೀರಲ್ಲಿ ಕ್ಲೋರಿನ್ ಇರ್ತದೆ. ಅದು ಮೀನನ್ನು ಮಾರ್ ಡಾಲ್ತಾ ಹೈ, ಕೊಲ್ತದೆ. ಅದಕ್ಕೇ ಈ ಡ್ರಾಪ್ಸ್."

"ನಾನ್ ಹಾಕ್ಲಿಲ್ಲೆ. ಆದ್ರೂ ಬದ್ಕಿವೆ" ಎಂದಳು ಅಮ್ಮ ಜಂಬದಿಂದ.

"ಅದೇ ಅಜ್ಜಿ. ಬದುಕಬಾರದಿತ್ತು."

ರೋಗದ ಕ್ರಿಮಿ ಸಾಯಲೆಂದು ಪಾಲಿಕೆಯವರು ಹಾಕುವ ಮದ್ದು ನಮ್ಮ ನಲ್ಲಿಗೆ ಬರುವಷ್ಟರಲ್ಲಿ ಉಳಿದೇ ಇರಲಿಲ್ಲ. ಎಲ್ಲೋ ನಡುವೆ ಯಾವುದೋ ಗಲೀಜು ಅದನ್ನು ಪೂರ್ತಿ ನುಂಗಿಹಾಕಿತ್ತು. ಅಮ್ಮನ ಬಾವಿಯಲ್ಲಿ ಮೀನು ಬದುಕಿದರೆ ನೀರು ಒಳ್ಳೆಯದು. ನಮ್ಮ ಟಾಂಕಿಯಲ್ಲಿ ಮೀನು ಸತ್ತಿದ್ದರೆ ಮಾತ್ರ ನೀರು ಒಳ್ಳೆಯದಿತ್ತು. ನಾನು ಮಗಳ ಹೊಟ್ಟೆಯನ್ನೇ ನೋಡುತ್ತಿದ್ದೆ. ಅಮ್ಮ ತಾಮ್ರದ ಬಿಂದಿಗೆಯನ್ನು ನೋಡುತ್ತಿದ್ದಳು. ಆಮೇಲೆ ಅದನ್ನು ಎತ್ತಿ, ಸಿಂಕಿಗೆ ಬೋರಲು ಹಾಕಿ, ಹಾಗೆಯೇ ಹಿಡಿದುಕೊಂಡು ನಿಂತಳು.

ಮಗಳನ್ನು ಆಸ್ಪತ್ರೆಗೆ ಕರೆದುಕೊಂಡು ಹೋಗಲು ರಿಕ್ಷಾ ಹುಡುಕಲು ಕೆಳಗಿಳಿದರೆ ಪಾರ್ಕಿಂಗಿನಲ್ಲಿ ಇಡೀ ಸೊಸೈಟಿ ನೆರೆದಿತ್ತು. ವರ್ಷಗಟ್ಟಲೆ ಕರೆದರೂ ಮೀಟಿಂಗಿಗೆ ಬಾರದವರು ಚಪ್ಪಲಿ ಕೂಡ ಹಾಕದೆ ಬಂದಿದ್ದರು. ನಮ್ಮ ಎದುರು ಮನೆಯವರು ತಾನು ಇಷ್ಟು ದಿನ ಶಿವಲಿಂಗಕ್ಕೆ ಮೀನು ಈಜಾಡಿದ ನೀರಿನಲ್ಲಿ ಅಭಿಷೇಕ ಮಾಡಿದೆನಲ್ಲ ಎಂದು ಹಣೆ ಚಚ್ಚಿಕೊಳ್ಳುತ್ತಿದ್ದರು. ಜೈನ ಬಾಯಿ ತಮ್ಮ ಅತ್ತೆ ಉಪವಾಸ ಮುರಿದದ್ದು ಇದೇ ನೀರಿನಿಂದ ಎಂದು ಅಳುತ್ತಿದ್ದರು. ಟಾಂಕಿಗೆ ಗಂಗಾಜಲ ಹಾಕಿದರೆ ಸಾಕೇ ಅಥವಾ ಹೋಮ ಮಾಡಿಸಬೇಕೇ ಎನ್ನುವುದು ಇಬ್ಬರ ಚರ್ಚೆ. ಕ್ಯಾನಿನ ನೀರು ಕುಡಿಯುವ ಗೋವಾದವರು ಮಾತ್ರ ಕೈಕಟ್ಟಿ ನಿಂತು, ಸ್ವಲ್ಪ ಕೊಕಮ್ ಹುಳಿ ಹಾಕಿದ್ದರೆ ಸಾರೇ ಆಗುತ್ತಿತ್ತು ಎಂದು ಬೈಸಿಕೊಂಡರು.

ನಾನು ಗಂಟಲು ಹರಿಯುವಂತೆ ಕೂಗಿದೆ. ಮೀನು ಮುಖ್ಯವಲ್ಲ, ಮೀನು ಬದುಕಿದ್ದು ಮುಖ್ಯ, ನೀರಿನಲ್ಲಿ ಕ್ಲೋರಿನ್ ಇಲ್ಲ, ಎಲ್ಲಿಂದಲೋ ಕೊಳಚೆ ಸೇರುತ್ತಿದೆ, ಎರಡನೇ ಮಹಡಿಯಲ್ಲಿ ಕಾಮಾಲೆಯಾಗಿದೆ, ನನ್ನ ಮಗಳು ಬಸುರಿ ಎಂದೆಲ್ಲ ಹೇಳಿದೆ. ಸೆಕ್ರೆಟರಿಯವರು ಕೈ ಎತ್ತಿ ಸುಮ್ಮನಿರಿಸಿದರು.

"ಮ್ಯಾಡಮ್, ಬೀಮಾರಿ ಕೀ ಬಾತ್ ಬಾದ್ ಮೇ. ಪೆಹಲೇ ನಾನ್‌ವೆಜ್ ಕಾ ಮ್ಯಾಟರ್."

ಕಾಯಿಲೆಯ ವಿಷಯ ಆಮೇಲೆ, ಮೊದಲು ಮಾಂಸಾಹಾರದ ಪ್ರಶ್ನೆ! ನನಗೆ ಅಲ್ಲಿಯೇ ಅವರ ನಶ್ಯದ ಡಬ್ಬಿ ಕಸಿದು ಅವರ ಮೇಲೆ ಎರಚಬೇಕೆನಿಸಿತು. ಆದರೆ ಒಂದು ಒಪ್ಪಿಕೊಳ್ಳಬೇಕು, ವರ್ಷವಿಡೀ ವಾಸನೆಗೂ ಕಾಮಾಲೆಗೂ ಅಲುಗದ ಸೊಸೈಟಿ ಬೆರಳುಗುರಿನಷ್ಟು ಮೀನಿಗೆ ಅಲುಗಿತು. ಎರಡೂ ಟಾಂಕಿಗಳನ್ನು ಖಾಲಿ ಮಾಡಿ ತೊಳೆಯುವ ನಿರ್ಣಯ ಒಂದೇ ಒಂದು ವಿರೋಧವಿಲ್ಲದೆ ಪಾಸಾಯಿತು. ಆ ಬಿಲ್ಡಿಂಗಿನ ಇತಿಹಾಸದಲ್ಲಿ ಅಂಥದ್ದು ಹಿಂದೆ ಆದದ್ದಿಲ್ಲ.

ಮರುದಿನವೇ ತೊಳೆಯುವವರು ಬಂದರು. ಮೀನುಗಳನ್ನು ಕೊಲ್ಲಕೂಡದು ಎಂದು ಜೈನ ಬಾಯಿ ಹಟ ಹಿಡಿದು, ಜರಡಿ ಹಿಡಿದು ಟೆರೇಸಿನಲ್ಲಿ ಬಿಸಿಲಿನಲ್ಲಿ ನಿಂತು, ತಾಯಿ ಮರಿಗಳನ್ನೆಲ್ಲ ಬಕೆಟ್ಟಿಗೆ ತುಂಬಿಸಿಕೊಂಡರು. ಅವರ ಗಂಡ ಆ ಬಕೆಟ್ಟನ್ನು ತೊಡೆಯ ಮೇಲಿಟ್ಟುಕೊಂಡು ರಿಕ್ಷಾದಲ್ಲಿ ಯಾವುದೋ ಕೆರೆಗೆ ಹೋದರು. ಆಮೇಲೆ ಪಾರ್ಕಿಂಗಿನ ನೆಲದ ಟಾಂಕಿ ಖಾಲಿಯಾಯಿತು. ಒಳಗಿಳಿದವರು ಮೇಲೆ ಬಂದು ಎಲ್ಲರನ್ನೂ ಕರೆದರು. ಟಾರ್ಚಿನ ಬೆಳಕಿನಲ್ಲಿ ಒಂದು ಗೋಡೆ ಉದ್ದಕ್ಕೆ ಸೀಳಿತ್ತು. ಆ ಗೋಡೆಯ ಆಚೆಗಿರುವುದು ನಮ್ಮೆಲ್ಲರ ಕಕ್ಕಸಿನ ನೀರು ಹೋಗುವ ಚೇಂಬರು. ಸೀಳಿನಿಂದ ಕಪ್ಪಗೆ, ಸಾವಕಾಶವಾಗಿ, ಇಳಿಯುತ್ತಲೇ ಇತ್ತು. ಮೀನಿನ ಸುದ್ದಿಗೆ ಬಾಯಿ ಬಡಿದುಕೊಂಡವರು ಈಗ ಒಬ್ಬೊಬ್ಬರಾಗಿ ಹಿಂದೆ ಸರಿದರು. ಶುದ್ಧ ಸಸ್ಯಾಹಾರಿಗಳು, ಮಿಶ್ರಾಹಾರಿಗಳು, ಉಪವಾಸದವರು ಎಲ್ಲರೂ ವರ್ಷದಿಂದ ಒಬ್ಬರದನ್ನೊಬ್ಬರು ಕುಡಿದಿದ್ದೆವು. ಸೆಕ್ರೆಟರಿಯವರು ಕರವಸ್ತ್ರ ತೆಗೆದು ಮೂಗಿಗೆ ಹಿಡಿದರು. ಆ ದಿನ ಅವರ ಮೂಗು ಕೆಲಸ ಮಾಡಿತು.

ಗೋಡೆ ಹೊಸದಾಗಿ ಕಟ್ಟಿದ್ದಾಯಿತು, ಟಾಂಕಿಗೆ ಟೈಲ್ಸು ಬಂತು, ನಲ್ಲಿಯಲ್ಲಿ ಈಜುಕೊಳದ ವಾಸನೆಯ ನೀರು ಬರತೊಡಗಿತು. ಯಾರೂ ಕ್ಷಮೆ ಕೇಳಲಿಲ್ಲ, ಯಾರೂ ಥ್ಯಾಂಕ್ಸ್ ಹೇಳಲಿಲ್ಲ. ಟೆರೇಸಿನ ಬೀಗ ಬದಲಾಯಿಸಿದರು, ಅಷ್ಟೇ. ನನಗೆ ಅದರ ಬಗ್ಗೆ ಸಿಟ್ಟು ಮಾಡಿಕೊಳ್ಳಲೂ ವ್ಯವಧಾನವಿರಲಿಲ್ಲ. ಮಗಳ ರಕ್ತ ಪರೀಕ್ಷೆ ಮಾಡಿಸಿದಾಗ ಎಲ್ಲ ಸರಿಯಿದೆ ಎಂದು ಬಂದಿತ್ತು. ಆದರೆ ಡಾಕ್ಟರಮ್ಮ, ಹೊಟ್ಟೆಗೆ ಹೋದದ್ದು ಕಣ್ಣಿಗೆ ಕಾಣಿಸಲು ವಾರಗಟ್ಟಲೆ ಬೇಕು, ಈಗಲೇ ಖುಷಿಪಡಬೇಡಿ, ಕಣ್ಣು ಹಳದಿಯಾದರೆ, ವಾಂತಿ ಶುರುವಾದರೆ ಆ ಕ್ಷಣವೇ ಬನ್ನಿ ಎಂದಿದ್ದರು. ತುಂಬಿದ ಬಸುರಿಗೆ ವಾಂತಿ ಬಂದರೆ ಅದು ಯಾವುದರ ವಾಂತಿ ಎಂದು ತಿಳಿಯುವುದು ಹೇಗೆ? ಅವಳು ಒಮ್ಮೆ ತೇಗಿದರೂ ನಾನು ಎದ್ದು ಓಡುತ್ತಿದ್ದೆ.

ಅಮ್ಮ ಮಾತು ನಿಲ್ಲಿಸಿದಳು. ಅದು ನನಗೆ ಕಾಮಾಲೆಗಿಂತ ಹೆಚ್ಚು ಹೆದರಿಕೆ ತಂದಿತು. ಬೆಳಿಗ್ಗೆ ಎದ್ದು ಫಿಲ್ಟರಿನ ನೀರನ್ನು ಕುದಿಸಿ, ಆರಿಸಿ, ಮತ್ತೆ ಕುದಿಸಿ, ಮೊಮ್ಮಗಳ ಹತ್ತಿರ ಇಟ್ಟು ಬರುತ್ತಿದ್ದಳು. ಆಮೇಲೆ ಅವಳನ್ನು ಕಿಟಕಿಯ ಬೆಳಕಿಗೆ ಕೂರಿಸಿ ಹೆಬ್ಬೆರಳಿನಿಂದ ಕೆಳರೆಪ್ಪೆ ಎಳೆದು ಎರಡೂ ಕಣ್ಣು ನೋಡುತ್ತಿದ್ದಳು. ನೋಡಿದ್ದು ಬಿಳಿಯೇ ಆದರೂ ನಂಬಿಕೆಯಾಗದೆ ಮತ್ತೆ ಮಧ್ಯಾಹ್ನ ನೋಡುತ್ತಿದ್ದಳು. "ಅಜ್ಜಿ, ನನ್ನ ಕಣ್ಣು ದುಖ್ತಾ ಹೈ" ಎಂದು ಮಗಳು ನಗಿಸಲು ನೋಡಿದರೂ ನಗುತ್ತಿರಲಿಲ್ಲ. ನಾನು ಅವಳನ್ನು ಬೈಯಬೇಕೆಂದು ಎಷ್ಟೋ ಸಲ ಬಾಯಿ ತೆರೆದೆ. ಅವಳ ಮುಖ ನೋಡಿ ಸುಮ್ಮನಾದೆ. ಮಗಳಿಗೆ ಏನಾದರೂ ಆದರೆ ಅಮ್ಮನನ್ನು ಜನ್ಮದಲ್ಲಿ ಕ್ಷಮಿಸುವುದಿಲ್ಲ ಎಂದೂ ಅನ್ನಿಸುತ್ತಿತ್ತು, ಅಮ್ಮ ಅಷ್ಟು ದಿನ ಇರುವುದೂ ಇಲ್ಲ ಎಂದೂ ಅನ್ನಿಸುತ್ತಿತ್ತು.

ಮಗಳ ಕಣ್ಣು ಬೆಳ್ಳಗೇ ಉಳಿಯಿತು. ದಿನ ತುಂಬಿ, ಒಂದು ಮಧ್ಯಾಹ್ನ ನೋವು ಕಾಣಿಸಿಕೊಂಡು, ಸಂಜೆಯ ಹೊತ್ತಿಗೆ ಹೆಣ್ಣು ಮಗು ಹುಟ್ಟಿತು. ಕೊನೆಯ ರಕ್ತ ಪರೀಕ್ಷೆಯೂ ಚೊಕ್ಕಟವಾಗಿತ್ತು. ಜೋಗೇಶ್ವರಿಯ ಹೋಟೆಲಿನಲ್ಲಿ ಗಂಡ ಬಂದವರಿಗೆಲ್ಲ ಪುಕ್ಕಟೆ ಶೀರಾ ಹಂಚಿಸಿದರು. ಪುಣೆಯಿಂದ ಅಳಿಯ ಓಡೋಡಿ ಬಂದ. ಅಮ್ಮ ಮಗುವನ್ನು ಎತ್ತಿಕೊಂಡು ಹಳೆಯ ದನಿಯಲ್ಲಿ, ಮೂಗು ಮಾತ್ರ ಅಪ್ಪನ ಕಡೆಯದು ಬಂದುಬಿಟ್ಟಿದೆ ಎಂದು ಅಳಿಯನ ಎದುರೇ ಬೇಜಾರು ಮಾಡಿಕೊಂಡಳು. ಸದ್ಯ, ಅಮ್ಮ ವಾಪಸು ಬಂದಳು ಎಂದು ನಾನು ಅಂದುಕೊಂಡೆ.

ಎರಡು ದಿನ ಕಳೆದಿತ್ತು. ಬೆಳಗಿನ ಬಿಸಿಲು ಆಸ್ಪತ್ರೆಯ ಕೋಣೆಯೊಳಗೆ ಬಿದ್ದಾಗ ಅಮ್ಮ ತೊಟ್ಟಿಲಿಗೆ ಬಾಗಿದಳು. ಬಾಗಿದವಳು ನೇರವಾಗಲೇ ಇಲ್ಲ. ನಾನು ಹೋಗಿ ನೋಡಿದೆ. ಮಗುವಿನ ಮುಖ, ಎದೆ, ಕಣ್ಣಿನ ಬಿಳಿ ಎಲ್ಲವೂ ಹಳದಿ.

ಇದೇ ಅಮ್ಮ ಎಷ್ಟು ಬಾಣಂತನ ಮಾಡಿದ್ದಾಳೋ ಲೆಕ್ಕವಿಲ್ಲ. ಹುಟ್ಟಿದ ಮಕ್ಕಳು ಎರಡು ಮೂರು ದಿನಕ್ಕೆ ಹಳದಿಯಾಗುವುದನ್ನು, ಎಳೆಬಿಸಿಲಿಗೆ ಹಿಡಿದರೆ ಇಳಿದುಹೋಗುವುದನ್ನು ನನಗೆ ಹೇಳಿಕೊಟ್ಟವಳೇ ಅವಳು. ನನ್ನ ಮಗಳೂ ಹಾಗೆ ಹಳದಿಯಾದಾಗ, "ಹೆದ್ರುದೆಂತಕ್ಕೆ, ಮಾವಿನ್ಹಣ್ಣ್ ಹೆತ್ತಿದ್ದಿ" ಎಂದು ನನ್ನನ್ನು ಗೇಲಿ ಮಾಡಿದ್ದಳು. ಆ ಅಮ್ಮ ಈಗ ತೊಟ್ಟಿಲಿನ ಕಂಬಿ ಹಿಡಿದುಕೊಂಡು ಬಿಳುಚಿಕೊಂಡು ನಿಂತಿದ್ದಳು. ಅವಳಿಗೆ ಗೊತ್ತಿದ್ದದ್ದೆಲ್ಲ ಆ ಕ್ಷಣಕ್ಕೆ ಎಲ್ಲಿ ಹೋಯಿತೋ.

ಮಕ್ಕಳ ಡಾಕ್ಟರು ಬಂದರು. ನನ್ನ ಮಗಳ ವಯಸ್ಸಿನ ಹುಡುಗಿ. ಆಕೆ ಮಗುವನ್ನು ಮುಟ್ಟುವ ಮುಂಚೆಯೇ ಅಮ್ಮ ಅಡ್ಡ ನಿಂತು, ಎದೆಯ ಮೇಲೆ ಕೈ ಇಟ್ಟುಕೊಂಡು ಹೇಳಿದಳು.

"ಮೈ ಪಿಲಾಯಾ."

ಡಾಕ್ಟರಿಗೆ ಗಾಬರಿಯಾಯಿತು. ಏನು ಕುಡಿಸಿದಿರಿ ಅಜ್ಜಿ, ಜೇನೇ, ಹಸುವಿನ ಹಾಲೇ, ಯಾವುದಾದರೂ ನಾಟಿ ಮದ್ದೇ ಎಂದು ಹಿಂದಿಯಲ್ಲಿ ಒಂದೇ ಸಮನೆ ಕೇಳಿದರು.

"ಪಾನೀ" ಎಂದಳು ಅಮ್ಮ.

ಇಷ್ಟು ಎಳೆಯ ಮಗುವಿಗೆ ನೀರು ಕುಡಿಸುವುದೇ ಎಂದು ಡಾಕ್ಟರು ರೇಗಿದರು. ಅಮ್ಮ ತಲೆ ತಗ್ಗಿಸಿ ಬೈಸಿಕೊಂಡಳು. ನಾನು ನಡುವೆ ಬಾಯಿ ಹಾಕಿ ಮಗುವಿಗಲ್ಲ ಅದರ ತಾಯಿಗೆ ಎಂದು ಟಾಂಕಿ, ಮೀನು, ಸೀಳು ಎಲ್ಲವನ್ನೂ ಹೇಳಬೇಕಾಯಿತು. ಡಾಕ್ಟರು ತುಟಿ ಕಚ್ಚಿಕೊಂಡು ನಗು ತಡೆದರು. ತಾಯಿಯ ರಕ್ತದಲ್ಲಿ ಏನೂ ಇಲ್ಲ, ಇದಕ್ಕೂ ಆ ನೀರಿಗೂ ಸಂಬಂಧವಿಲ್ಲ, ಅರ್ಧಕ್ಕರ್ಧ ಮಕ್ಕಳು ಹೀಗೆ ಹಳದಿಯಾಗುತ್ತವೆ, ಒಂದೆರಡು ದಿನ ನೀಲಿ ದೀಪದ ಕೆಳಗೆ ಮಲಗಿಸಿದರೆ ಇಳಿಯುತ್ತದೆ ಎಂದು ಅಮ್ಮನ ಭುಜ ಹಿಡಿದು ಬಿಡಿಸಿ ಹೇಳಿದರು. ಅಮ್ಮ ಎಲ್ಲದಕ್ಕೂ ತಲೆಯಾಡಿಸಿದಳು. ಒಂದನ್ನೂ ಕೇಳಿಸಿಕೊಳ್ಳಲಿಲ್ಲ.

ಮಗುವನ್ನು ಬೇರೆ ಕೋಣೆಗೆ ಒಯ್ದರು. ಬಟ್ಟೆ ಬಿಚ್ಚಿ, ಬೆಳಕು ತಾಗದಂತೆ ಕಣ್ಣಿಗೊಂದು ಪಟ್ಟಿ ಕಟ್ಟಿ, ಗಾಜಿನ ಪೆಟ್ಟಿಗೆಯಲ್ಲಿ ಮಲಗಿಸಿದರು. ನಾವು ಹೊರಗೆ ಕಾಯಬೇಕಿತ್ತು, ಆದರೆ ಅಮ್ಮನನ್ನು ತಡೆಯುವ ನರ್ಸು ಇನ್ನೂ ಹುಟ್ಟಿಲ್ಲ. ಅವಳು ಸೀದಾ ಒಳಗೆ ಹೋಗಿ ಪೆಟ್ಟಿಗೆಯ ಪಕ್ಕ ನಿಂತಳು. ನಾನು ಹಿಂದೆಯೇ ಹೋದೆ. ಅವಳು ಗಾಜಿಗೆ ಅಂಗೈ ಒತ್ತಿ, ಬಾಗಿ, ಪಕ್ಕದ ಮನೆಯ ಹಿರಿಯರೊಡನೆ ಮಾತಾಡುವಷ್ಟು ಮರ್ಯಾದೆಯಿಂದ, "ತಪ್ಪಾಯ್ತ್ ಮಗಾ" ಎಂದಳು.

ಅಮ್ಮನ ಬಾಯಿಂದ ಆ ಮಾತು ಒಂದೇ ಒಂದು ಸಲ ಕೇಳಬೇಕೆಂದು ನನ್ನ ಅಪ್ಪ ಕಾದು ಕಾದು ತೀರಿಕೊಂಡರು. ಅದು ಸಿಕ್ಕಿದ್ದು, ಕಣ್ಣಿಗೆ ಪಟ್ಟಿ ಕಟ್ಟಿಸಿಕೊಂಡು ಬಾಯಿ ತೆರೆದು ನಿದ್ದೆ ಹೊಡೆಯುತ್ತಿದ್ದ ಆ ಕೂಸಿಗೆ.